ಒಂಬತ್ತು ಡೈಮಂಡ್ ಇದೆ, ಯಾವ ಎಲೆ ಮೊದಲು?

ಬ್ರಿಡ್ಜ್ ಇಸ್ಪೀಟಾಟ ಕಲಿಯುವವರು ತುಂಬಾ ಜನ ಒಂದು ಸೂಟನ್ನು (ಸ್ಪೇಡ್, ಡೈಮಂಡ್ ಥರ ಒಂದೇ ಜಾತಿಯ ಎಲೆಗಳನ್ನು) ಹೇಗೆ ಆಡಬೇಕು ಅನ್ನುವುದನ್ನು ಮಗ್ಗಿ ಥರ ಬಾಯಿಪಾಠ ಮಾಡಲು ಹೋಗುತ್ತಾರೆ. ನಾನೂ ಮಾಡಿದ್ದೆ, ಉಳಿಯಲಿಲ್ಲ. ಒಂದು ಎಲೆ ಬದಲಾದರೆ ಬಾಯಿಪಾಠ ಕೈಕೊಡುತ್ತದೆ. ಅದರ ಬದಲು ಒಂದು ಹಾಳೆ, ಒಂದು ಪೆನ್ನು ಹಿಡಿದು ನೀವೇ ಲೆಕ್ಕ ಹಾಕುವುದು ಕಲಿಯಿರಿ. ಅಷ್ಟೇನೂ ಕಷ್ಟ ಇಲ್ಲ. ನಾಲ್ಕೈದು ಸಲ ಮಾಡಿದರೆ ಕೈ ಪಳಗುತ್ತದೆ.

ಒಂದೇ ಉದಾಹರಣೆ ತಗೊಂಡು ಪೂರ್ತಿ ನೋಡೋಣ. ಡಮ್ಮಿಯಲ್ಲಿ (ಟೇಬಲ್ ಮೇಲೆ ಬಿಚ್ಚಿಟ್ಟ ಪಾರ್ಟ್ನರ್ ಎಲೆಗಳು, ಅವನ್ನೂ ನೀವೇ ಆಡುತ್ತೀರಿ) ಡೈಮಂಡ್ ಎಕ್ಕ, ರಾಣಿ, 10, 4, 3. ನಿಮ್ಮ ಕೈಯಲ್ಲಿ 7, 6, 5, 2. (ಇಪ್ಪತ್ತೆಂಟು ಆಡಿ ರೂಢಿ ಇರುವವರು ಗಮನಿಸಿ, ಇಲ್ಲಿ ಗುಲಾಮ ದೊಡ್ಡವನಲ್ಲ. ಎಕ್ಕ, ರಾಜ, ರಾಣಿ, ಆಮೇಲೆ ಗುಲಾಮ.) ನಮ್ಮ ಹತ್ತಿರ ಇಲ್ಲದ್ದು ನಾಲ್ಕೇ ಎಲೆ: ರಾಜ, ಗುಲಾಮ, 9, 8. ಕೈಯಿಂದ ಡಮ್ಮಿ ಕಡೆಗೆ ಸಣ್ಣ ಎಲೆ ಆಡುತ್ತೀರಿ, ಎಡದವರು 8 ಹಾಕುತ್ತಾರೆ. ಡಮ್ಮಿಯಿಂದ ಏನು ಹಾಕಬೇಕು? ರಾಣಿಯಾ, 10 ಆ, ಎಕ್ಕವಾ?

ಇದಕ್ಕೆ ಉತ್ತರ ಹೇಳುವ ಮುಂಚೆ ನಾನು ಕೇಳುವುದು ಒಂದೇ: ನಿಮಗೆ ಈ ಸೂಟಿನಲ್ಲಿ ಎಷ್ಟು ಟ್ರಿಕ್ (ಗೆದ್ದ ಸುತ್ತು) ಬೇಕು? ಐದೂ ಬೇಕಾ, ನಾಲ್ಕು ಸಾಕಾ? ಇದನ್ನು ಬಿಟ್ಟು ಮಾಡುವ ಲೆಕ್ಕವೆಲ್ಲ ದಂಡ.

ಈಗ ಹಾಳೆ ತಗೊಳ್ಳಿ. ನಾಲ್ಕು ಎಲೆ ಇಬ್ಬರಲ್ಲಿ ಹಂಚಿಕೆಯಾಗುವ ರೀತಿ ಒಟ್ಟು 16. ಹದಿನಾರನ್ನೂ ಬರೆಯಿರಿ, ಸೋಮಾರಿತನ ಬೇಡ. ಎರಡು-ಎರಡು ಹಂಚಿಕೆ 6 ಥರ, ಒಂದೊಂದಕ್ಕೂ ಸುಮಾರು ಶೇ. 6.78. ಮೂರು-ಒಂದು 8 ಥರ, ಒಂದೊಂದಕ್ಕೂ ಶೇ. 6.22. ನಾಲ್ಕೂ ಒಬ್ಬರ ಹತ್ತಿರವೇ ಇರುವುದು 2 ಥರ, ಒಂದೊಂದಕ್ಕೂ ಶೇ. 4.78. ನೆನಪಿಡಬೇಕಾದ ಅಂಕಿ ಈ ಮೂರೇ. ಬ್ರಿಡ್ಜ್ ಕ್ಲಬ್ಬುಗಳಲ್ಲಿ ಎರಡು-ಎರಡು ಶೇ. 40.7, ಮೂರು-ಒಂದು ಶೇ. 49.7 ಅಂತ ಹೇಳುತ್ತಾರಲ್ವಾ, ಅದನ್ನೇ ಬಿಡಿಸಿ ಬರೆದಿದ್ದೇನೆ. ಒಟ್ಟು ಸೇರಿಸಿದರೆ ಮೂರು-ಒಂದು ಜಾಸ್ತಿ, ಆದರೆ ಬಿಡಿಬಿಡಿಯಾಗಿ ನೋಡಿದರೆ ಎರಡು-ಎರಡರ ಪ್ರತಿ ಹಂಚಿಕೆಯೇ ಸ್ವಲ್ಪ ಜಾಸ್ತಿ. ಇದು ಗಟ್ಟಿಯಾಗಿ ತಲೆಗೆ ಹೋಗಬೇಕು, ಮುಂದೆ ಮತ್ತೆ ಬೇಕಾಗುತ್ತದೆ.

ಮೊದಲು ಐದೂ ಟ್ರಿಕ್ ಬೇಕು ಅಂದುಕೊಳ್ಳೋಣ. ರಾಣಿ ಹಾಕಿ ಫಿನೆಸ್ ಮಾಡಿದರೆ, ಅಂದರೆ ರಾಜ ಎಡದವರ ಹತ್ತಿರ ಇದೆ ಅಂತ ನಂಬಿ ಆಡಿದರೆ, ಯಾವ ಹಂಚಿಕೆಗಳಲ್ಲಿ ಗೆಲ್ಲುತ್ತೀರಿ? ಎಡದವರ ಹತ್ತಿರ ರಾಜ-9 ಅಥವಾ ರಾಜ-8 ಇದ್ದಾಗ, ರಾಜ-ಗುಲಾಮ ಎರಡೇ ಇದ್ದಾಗ, ರಾಜ-9-8 ಇದ್ದು ಬಲದವರ ಹತ್ತಿರ ಗುಲಾಮ ಒಂಟಿಯಾಗಿದ್ದಾಗ. ಕೂಡಿದರೆ ಶೇ. 26.6. 10 ಹಾಕಿದರೆ? ಎಡದವರ ಹತ್ತಿರ ರಾಜ-ಗುಲಾಮ ಇರಬೇಕು, ಜೊತೆಗೆ ಒಂದು ಸಣ್ಣ ಎಲೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಶೇ. 19.2. ಎಕ್ಕ ಹಾಕಿದರೆ ಬಲದವರ ಒಂಟಿ ರಾಜ ಬೀಳುವ ಒಂದೇ ಆಸೆ, ಶೇ. 6.2. ಹಾಗಾಗಿ ರಾಣಿ. ಇಲ್ಲಿ ಯೋಚಿಸುವುದು ಏನೂ ಉಳಿದಿಲ್ಲ.

ನಾಲ್ಕೇ ಟ್ರಿಕ್ ಸಾಕು ಅಂದಾಗ ಆಟವೇ ಬೇರೆ.

ನಾನು ಒಂದು ಸಲ ಟೀಮ್ ಪಂದ್ಯದಲ್ಲಿ ಮೂರು ನೋ ಟ್ರಂಪ್ (ತುರುಫಿಲ್ಲದೆ ಒಂಬತ್ತು ಟ್ರಿಕ್ ಮಾಡುತ್ತೇವೆ ಅನ್ನುವ ಕಾಂಟ್ರಾಕ್ಟ್) ಆಡುತ್ತಿದ್ದೆ. ಬೇರೆ ಸೂಟುಗಳಲ್ಲಿ ಐದು ಟ್ರಿಕ್ ಖಚಿತ, ಡೈಮಂಡ್‌ನಲ್ಲಿ ನಾಲ್ಕು ಬಂದರೆ ಒಂಬತ್ತು, ಕಾಂಟ್ರಾಕ್ಟ್ ಆಯಿತು. ಸೂಟು ಇದೇ. ಹಿಂದೆಮುಂದೆ ನೋಡದೆ ರಾಣಿ ಹಾಕಿದೆ, ಬಲದವರು ರಾಜ ಹಾಕಿ ಹೊಡೆದರು. ಪರವಾಗಿಲ್ಲ, ಒಂದು ತಾನೇ ಹೋಗಿದ್ದು. ಮತ್ತೆ ಕೈಗೆ ಬಂದು ಡೈಮಂಡ್ ಆಡಿದೆ, ಎಡದವರು 9 ಹಾಕಿದರು. ಈಗ ಹೊರಗಿದ್ದದ್ದು ಗುಲಾಮ ಒಂದೇ. ಅದು ಎಡಕ್ಕಿದ್ದರೆ 10 ಹಾಕಬೇಕು, ಬಲಕ್ಕಿದ್ದರೆ ಎಕ್ಕ ಹಾಕಿ ಬೀಳಿಸಬೇಕು. ತುಂಬಾ ಹೊತ್ತು ಕೂತು ಎಕ್ಕ ಹಾಕಿದೆ. ಬಲದವರು ಬೇರೆ ಸೂಟಿನ ಎಲೆ ಬಿಸಾಕಿದರು. ರಾಜ ಅವರ ಹತ್ತಿರ ಒಂಟಿಯಾಗಿತ್ತು. ಎಂಟೇ ಟ್ರಿಕ್ ಬಂತು.

ನನ್ನ ಪಾರ್ಟ್ನರ್ ನಮ್ಮ ಸೋದರಮಾವ. ಆಟ ಮುಗಿಯುವವರೆಗೂ ಅವರು ಏನೂ ಅನ್ನಲಿಲ್ಲ. ಆಮೇಲೆ ಟೀ ಕುಡಿಯುವಾಗ ಸ್ಕೋರ್ ಹಾಳೆಯ ಹಿಂದೆ ಈ ಹದಿನಾರನ್ನೂ ಬರೆದು, "ಎಕ್ಕ ಮೊದಲು ಹಾಕಿ, ಆಮೇಲೆ ಕೈಯಿಂದ ರಾಣಿ ಕಡೆಗೆ ಆಡಿದ್ದರೆ ಎಲ್ಲಿ ಸೋಲ್ತಿದ್ದೆ, ಹುಡುಕು ಮಗಾ" ಅಂದರು.

ನೀವೂ ಹುಡುಕಿ. ಬಲದವರ ಹತ್ತಿರ ರಾಜ-ಗುಲಾಮದ ಜೊತೆ ಕಡಿಮೆ ಅಂದರೂ ಇನ್ನೊಂದು ಎಲೆ ಇರುವ ಹಂಚಿಕೆ ಮೂರು. ಅಲ್ಲಿ ಹೇಗೆ ಆಡಿದರೂ ನಾಲ್ಕು ಟ್ರಿಕ್ ಬರುವುದಿಲ್ಲ, ಗೀಟು ಹಾಕಿ ಬಿಡಿ. ಉಳಿದ ಹದಿಮೂರರಲ್ಲೂ ಎಕ್ಕ ಮೊದಲು ಹಾಕಿದರೆ ನಾಲ್ಕು ಬಂದೇ ಬರುತ್ತದೆ. ಎರಡನೇ ಸುತ್ತಿನಲ್ಲಿ ಎಡದವರು ರಾಜ ಹಾಕಿದರೆ ಡಮ್ಮಿಯಿಂದ ಸಣ್ಣ ಎಲೆ, ಇಲ್ಲದಿದ್ದರೆ ರಾಣಿ. ಎಕ್ಕಕ್ಕೆ ಬಲದವರು ಡೈಮಂಡೇ ಹಾಕಲಿಲ್ಲ, ಎರಡನೇ ಸುತ್ತಲ್ಲಿ ಎಡದವರು ಸಣ್ಣದು ಹಾಕಿದರು ಅಂದಾಗ ಮಾತ್ರ 10 ಹಾಕಿ. ಒಟ್ಟು ಶೇ. 82.8. ರಾಣಿ ಮೊದಲು ಹಾಕಿದರೆ ಹನ್ನೆರಡರಲ್ಲಿ ಬರುತ್ತದೆ, ಒಂದರಲ್ಲಿ ನಾನು ಸಿಕ್ಕಿಹಾಕಿಕೊಂಡ ಹಾಗೆ ಊಹೆ ತಪ್ಪುತ್ತದೆ. ಶೇ. 76.6. 10 ಮೊದಲು ಹಾಕಿದರೂ ಅಷ್ಟೇ, ಅಲ್ಲಿ ಗುಲಾಮನ ಬದಲು ರಾಜ ಎಲ್ಲಿದ್ದಾನೆ ಅಂತ ಊಹಿಸಬೇಕಾಗುತ್ತದೆ.

ಈ ವಿಧಾನದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಹದಿನಾರನ್ನೂ ಕೂಡಿಸಿ ಕಳೆಯುವ ಅಗತ್ಯವೇ ಇಲ್ಲ. ಎರಡು ದಾರಿಯಲ್ಲೂ ಒಂದೇ ಫಲ ಕೊಡುವ ಹಂಚಿಕೆಗಳನ್ನು ಮೊದಲು ಹೊಡೆದು ಹಾಕಿ, ವ್ಯತ್ಯಾಸ ಇರುವುದನ್ನು ಮಾತ್ರ ಎದುರುಬದುರು ಇಟ್ಟು ನೋಡಿ. ಇಲ್ಲಿ ಉಳಿದದ್ದು ಒಂದೇ ಒಂದು ಹಂಚಿಕೆ! ಟೇಬಲ್ ಮುಂದೆ ಕೂತು ಶೇಕಡಾ ಲೆಕ್ಕ ಹಾಕಲು ಯಾರಿಗೂ ಆಗುವುದಿಲ್ಲ, ಆದರೆ "ಈ ದಾರಿ ಎಲ್ಲಿ ಸೋಲುತ್ತದೆ, ಆ ದಾರಿ ಎಲ್ಲಿ ಸೋಲುತ್ತದೆ" ಅಂತ ಕೇಳಿಕೊಳ್ಳಲು ಆಗುತ್ತದೆ.

ಎಕ್ಕ ಮೊದಲು ಹಾಕಬೇಕಾದರೆ ಒಂದು ಷರತ್ತು ಇದೆ. ಆಮೇಲೆ ಕೈಗೆ ವಾಪಸ್ ಬರಲು ಬೇರೆ ಸೂಟಿನಲ್ಲಿ ದಾರಿ ಇರಬೇಕು. ಇಲ್ಲದಿದ್ದರೆ ಈ ಲೆಕ್ಕ ನಡೆಯುವುದಿಲ್ಲ.

ಇನ್ನು ಪೇರ್ಸ್ ಪಂದ್ಯ, ಅಂದರೆ ಅದೇ ಎಲೆಗಳನ್ನು ಆಡಿದ ಬೇರೆ ಜೋಡಿಗಳ ಜೊತೆ ಸ್ಕೋರ್ ಹೋಲಿಸುವ ಪಂದ್ಯ. ಅಲ್ಲಿ ಒಂದೊಂದು ಟ್ರಿಕ್ಕಿಗೂ ಬೆಲೆ ಇರುವುದರಿಂದ ಸರಾಸರಿ ನೋಡಬೇಕು. ರಾಣಿ ದಾರಿಯಲ್ಲಿ ಐದನೇ ಟ್ರಿಕ್ ಬರುವ ಸಾಧ್ಯತೆ ಶೇ. 20ರಷ್ಟು ಜಾಸ್ತಿ, ನಾಲ್ಕನೆಯದು ತಪ್ಪುವ ಅಪಾಯ ಶೇ. 6ರಷ್ಟು ಜಾಸ್ತಿ. ಸರಾಸರಿ 0.14 ಟ್ರಿಕ್ ರಾಣಿ ಕಡೆಗೇ ವಾಲುತ್ತದೆ. ಹಾಗಾಗಿ ಅದೇ ಎಲೆಗಳನ್ನು ಟೀಮ್ ಪಂದ್ಯದಲ್ಲಿ ಒಂದು ಥರ, ಪೇರ್ಸ್‌ನಲ್ಲಿ ಇನ್ನೊಂದು ಥರ ಆಡುವುದೇ ಸರಿ.

ಈಗ ನಾನು ಸಿಕ್ಕಿಹಾಕಿಕೊಂಡ ಆ ಊಹೆಗೆ ಬರೋಣ. ಎಕ್ಕ ಹಾಕಿದ್ದು ಲೆಕ್ಕದ ಪ್ರಕಾರ ತಪ್ಪಲ್ಲ. ಎಡದವರು ಎರಡು ಡೈಮಂಡ್ ತೋರಿಸಿದ್ದಾರೆ, ಬಲದವರು ಒಂದು. ಪ್ರತಿಯೊಬ್ಬರಿಗೂ 13 ಎಲೆ, ಅಂದರೆ ಎಡದಲ್ಲಿ ಇನ್ನೂ ಗೊತ್ತಿಲ್ಲದ ಜಾಗ 11, ಬಲದಲ್ಲಿ 12. ಗುಲಾಮ ಬಲಕ್ಕಿರುವ ಸಾಧ್ಯತೆ 12 ಪಾಲು, ಎಡಕ್ಕಿರುವುದು 11 ಪಾಲು. ಮೊದಲು ಹೇಳಿದ 6.78 ಮತ್ತು 6.22 ಬಂದದ್ದೂ ಇಲ್ಲಿಂದಲೇ. ಒಂಬತ್ತು ಎಲೆ ಇದ್ದು ರಾಣಿ ಇಲ್ಲದಿದ್ದರೆ ಫಿನೆಸ್ ಬೇಡ, ಎಕ್ಕ-ರಾಜ ಹಾಕಿ ಬೀಳಿಸು ಅನ್ನುತ್ತಾರಲ್ಲ, ಅದರ ಆಧಾರವೂ ಇಷ್ಟೇ, 12ಕ್ಕೆ 11. ಕೂದಲೆಳೆಯ ಅಂತರ.

ಅದಕ್ಕೇ ಬಿಡ್ಡಿಂಗ್ (ಆಟಕ್ಕೆ ಮುಂಚಿನ ಕೂಗು) ಕೇಳಿಸಿಕೊಂಡಿರಬೇಕು. ಬಲದವರು ಮೂರು ಸ್ಪೇಡ್ ಅಂತ ಶುರು ಮಾಡಿದ್ದರು, ಅವರ ಹತ್ತಿರ ಏಳು ಸ್ಪೇಡ್ ಇದೆ, ಎಡದವರ ಹತ್ತಿರ ಎರಡು ಅಂದುಕೊಳ್ಳಿ. ಈಗ ಮತ್ತೆ ಎಣಿಸಿ. ಬಲದಲ್ಲಿ 13ರಲ್ಲಿ ಏಳು ಸ್ಪೇಡ್, ಒಂದು ಡೈಮಂಡ್ ಕಳೆದರೆ 5. ಎಡದಲ್ಲಿ ಎರಡು ಸ್ಪೇಡ್, ಎರಡು ಡೈಮಂಡ್ ಕಳೆದರೆ 9. ಗುಲಾಮ ಎಡಕ್ಕಿರುವ ಸಾಧ್ಯತೆ 9 ಪಾಲು, ಬಲಕ್ಕಿರುವುದು 5 ಪಾಲು. ಎಕ್ಕ ಒಳಗೇ ಇರಲಿ, 10 ಹಾಕಿ.