ಸಿಪಿಆರ್ ಕಲಿಸುವವರಿಗೆ: ಅವರು ಹೇಳಲಿ, ನೀವು ಮಾಡಿ
ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಕೊಡುವ ತುರ್ತು ನೆರವು. ಅದನ್ನು ಕಲಿಯುವವರ ಕೈಗೆ ತರಬೇತಿ ಬೊಂಬೆ ಕೊಡುವ ಮೊದಲು ಒಂದು ಸುತ್ತು ಅವರು ಹಂತಗಳನ್ನು ಹೇಳಲಿ, ನೀವು ಮಾಡಿ. ಹೇಳಿದಷ್ಟನ್ನೇ ಮಾಡಿ. ‘ಎದೆ ಒತ್ತಿ’ ಎಂದಷ್ಟೇ ಹೇಳಿದರೆ ಬೇಕೆಂದೇ ಹೊಟ್ಟೆಯ ಹತ್ತಿರ ಕೈ ಇಡಿ. ‘ಅಲ್ಲಲ್ಲ, ಎದೆಯ ನಡುವೆ!’ ಎಂದು ಅವರೇ ತಿದ್ದುತ್ತಾರೆ. ಆಂಬುಲೆನ್ಸ್ ಕರೆಯುವುದನ್ನು ಮರೆತರೂ ನೆನಪಿಸಬೇಡಿ, ಸುತ್ತು ಮುಗಿದ ಮೇಲೆ ಕೇಳಿ. ನೋಡುವಾಗ ಎಲ್ಲವೂ ತಿಳಿದಂತೆಯೇ ಅನಿಸುತ್ತದೆ. ಬಾಯಿಬಿಟ್ಟು ಹೇಳಬೇಕಾದಾಗಲೇ ಬಿಟ್ಟುಹೋದ ಹಂತ ಹೊರಬೀಳುವುದು, ಅದೂ ಕೈಗೆ ತಪ್ಪು ರೂಢಿಯಾಗುವ ಮೊದಲೇ. ಆದರೆ ವಯಸ್ಕರಿಗೆ ಬೇಕಾದ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುವ ವೇಗ ಮಾತಿನಿಂದ ಬರುವುದಿಲ್ಲ. ಅದಕ್ಕೆ ಅವರ ಕೈಯೇ ದಣಿಯಬೇಕು, ಆ ಸಮಯವನ್ನು ದಯವಿಟ್ಟು ಕಡಿತಗೊಳಿಸಬೇಡಿ. ದೊಡ್ಡ ಗುಂಪಿನಲ್ಲಿ ಒಬ್ಬರು ಹೇಳಿದರೆ ಉಳಿದವರು ಸುಮ್ಮನಾಗುತ್ತಾರೆ. ಅಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿ.