ಚಿನ್ನದ ಜಾಡಿನಲ್ಲಿ ಮೊದಲ ಕೊಳವೆ ಕೊರೆಯುವ ಬಗೆ

ಕೃಷ್ಣರಾಜಪೇಟೆ ತಾಲ್ಲೂಕಿನ ಬೆಳ್ಳಿಬೆಟ್ಟದ ಕಡೆ, ನಂಜನಗೂಡು ತಾಲ್ಲೂಕಿನ ಅಂಬಳೆ, ವಳಗೆರೆಗಳ ಕಡೆ ಹಿಂದಿನವರು ಚಿನ್ನಕ್ಕಾಗಿ ನೆಲ ತೋಡಿದ್ದಾರೆ. ಇಂತಹ ತಾಣದಲ್ಲಿ ಮೊದಲ ಬಾರಿಗೆ ಶೋಧನೆಗೆ ಇಳಿಯುವ ಭೂವಿಜ್ಞಾನದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. 1957ರ ಗಣಿ ಮತ್ತು ಖನಿಜ ಕಾಯ್ದೆಯಂತೆ ಅನುಮತಿಯಿಲ್ಲದೆ ಖನಿಜ ಶೋಧನೆ ನಡೆಸುವಂತಿಲ್ಲ; ಜಮೀನಿನ ಒಡೆಯರ ಒಪ್ಪಿಗೆಯೂ ಮೊದಲೇ ಕೈಯಲ್ಲಿರಬೇಕು.

ಕೊರೆಯುವ ಯಂತ್ರವನ್ನು ಕರೆಸುವುದು ಕೊನೆಯ ಕೆಲಸ. ಅದಕ್ಕೂ ಮೊದಲು ನಡೆದು ನೋಡಿ ನಕ್ಷೆ ಬರೆಯಬೇಕು. ನಮ್ಮ ಸೀಮೆಯ ನೆಲದ ಬಹುಭಾಗ ನೈಸ್ ಎಂಬ, ತಿಳಿ ಮತ್ತು ಕಪ್ಪು ಪಟ್ಟೆಗಳಿರುವ ಗಟ್ಟಿ ಶಿಲೆ. ಅದರ ನಡುವೆ ಪಟ್ಟಿಗಳಂತೆ ಉಳಿದಿರುವ ಕಪ್ಪು, ಹಸಿರು ಬಣ್ಣದ, ಪದರು ಪದರಾಗಿ ಸೀಳುವ ಶಿಸ್ಟ್ ಶಿಲೆಗಳಲ್ಲಿ, ಅದರಲ್ಲೂ ಬಂಡೆ ಜರುಗಿ ನುರಿದಿರುವ ವಲಯಗಳಲ್ಲಿ ಚಿನ್ನ ಹೊತ್ತ ಬೆಣಚುಕಲ್ಲಿನ ಎಳೆಗಳನ್ನು ಹುಡುಕಬೇಕು. ಹೊಳೆಯುವ ಬಿಳಿ ಬೆಣಚು ಕಂಡೊಡನೆ ಹಿಗ್ಗಬಾರದು, ಅವುಗಳಲ್ಲಿ ಹೆಚ್ಚಿನವು ಬರಿದೇ ಇರುತ್ತವೆ. ಹೊಗೆಬಣ್ಣದ, ತುಕ್ಕು ಹಿಡಿದ, ಗಂಧಕದ ಖನಿಜಗಳು ಕರಗಿಹೋದ ಗುಳಿಗಳಿರುವ ಕಲ್ಲಿಗೆ ಹೆಚ್ಚು ಗಮನ ಕೊಡಿ. ಪಟ್ಟಿ ಹರಿದಿರುವ ದಿಕ್ಕಿಗೆ ಅಡ್ಡವಾಗಿ ಸಾಲು ಹಾಕಿ ಮಣ್ಣಿನ ಮಾದರಿ ತೆಗೆದು, ಚಿನ್ನದ ಜೊತೆಗೆ ಆರ್ಸೆನಿಕ್ಕನ್ನೂ ಪರೀಕ್ಷಿಸಿದರೆ ಜಾಡು ಸ್ಪಷ್ಟವಾಗುತ್ತದೆ, ಏಕೆಂದರೆ ಅನೇಕ ನಿಕ್ಷೇಪಗಳಲ್ಲಿ ಇವೆರಡೂ ಒಟ್ಟಿಗೇ ಸಿಗುತ್ತವೆ.

ಊರಿನ ರೈತರನ್ನೂ ಕೇಳಿ. ಬೋರ್‌ವೆಲ್ ಕೊರೆಸುವಾಗ ಕೇಸಿಂಗ್ (ಗಟ್ಟಿ ಕಲ್ಲು ಸಿಗುವವರೆಗೆ ಇಳಿಸುವ ಪೈಪು) ಎಷ್ಟು ಅಡಿ ಇಳಿಯಿತು, ಯಾವ ಬಣ್ಣದ ಪುಡಿ ಬಂತು ಎಂಬುದು ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಕೊಳೆತ ಕಲ್ಲಿನ ಆಳವನ್ನು ಅಂದಾಜಿಸಲು ಅಷ್ಟು ಸುಲಭವಾದ ಬೇರೆ ದಾರಿಯನ್ನು ನಾನು ಕಂಡಿಲ್ಲ.

ಬೋರ್‌ವೆಲ್ಲಿನಂತೆ ನೆಟ್ಟಗೆ ಕೊರೆಯುವುದು ಇಲ್ಲಿ ಸಾಮಾನ್ಯವಾಗಿ ಹೊಂದುವುದಿಲ್ಲ. ಎಳೆಯು ನೆಲಮಟ್ಟದಿಂದ ಪೂರ್ವಕ್ಕೆ 70 ಡಿಗ್ರಿ ಇಳಿಜಾರಾಗಿದ್ದರೆ ಯಂತ್ರವನ್ನು ಪೂರ್ವದಲ್ಲಿ ನಿಲ್ಲಿಸಿ, ಪಶ್ಚಿಮಕ್ಕೆ 50 ಡಿಗ್ರಿ ಇಳಿಜಾರಿನಲ್ಲಿ ಕೊರೆಯಿರಿ. ಆಗ ಕೊಳವೆಯು ಎಳೆಯನ್ನು 60 ಡಿಗ್ರಿ ಕೋನದಲ್ಲಿ ದಾಟುತ್ತದೆ. ಪಶ್ಚಿಮದಲ್ಲಿ ನಿಂತು ಪೂರ್ವಕ್ಕೆ ಕೊರೆದರೆ ಅದು ಎಳೆಯ ಪಕ್ಕದಲ್ಲೇ ಸಾಗಿ, ಕೊನೆಗೂ ಮುಟ್ಟದೆ ಹೋಗಬಹುದು. ದಾಟಿದ ಉದ್ದವನ್ನೇ ಎಳೆಯ ದಪ್ಪವೆಂದು ವರದಿಯಲ್ಲಿ ಬರೆಯುವುದು ದೊಡ್ಡ ತಪ್ಪು. 30 ಡಿಗ್ರಿ ಕೋನದಲ್ಲಿ 3 ಮೀಟರ್ ದಾಟಿದ್ದರೆ ನಿಜವಾದ ದಪ್ಪ 1.5 ಮೀಟರ್ ಮಾತ್ರ.

ವಜ್ರದ ಬಿಟ್ಟಿನಿಂದ ಕೊರೆದಾಗ ಕಲ್ಲು ಪುಡಿಯಾಗದೆ ಕಂಬಿಯಂತೆ ಇಡಿಯಾಗಿ ಮೇಲೆ ಬರುತ್ತದೆ. ಇದೇ ಕೋರ್, ಎನ್‌ಕ್ಯೂ ಎಂಬ ನಿಗದಿತ ಬಿಟ್ಟಿನ ಅಳತೆಯಲ್ಲಿ ಇದರ ವ್ಯಾಸ 47.6 ಮಿಲಿಮೀಟರ್. ಇಷ್ಟು ಖರ್ಚು ಮಾಡುವುದು ಈ ಕಲ್ಲಿನ ಕಂಬಿಗಾಗಿಯೇ ಆದ್ದರಿಂದ ಅದನ್ನು ಪೆಟ್ಟಿಗೆಯಲ್ಲಿ ಕ್ರಮ ತಪ್ಪದೆ ಜೋಡಿಸಿ, ಪ್ರತಿ ಎಳೆತದ (ಒಂದು ಸಲ ಕೊರೆದು ಕೋರನ್ನು ಮೇಲೆತ್ತುವುದು) ಕೊನೆಯಲ್ಲಿ ಆಳ ಬರೆದ ಮರದ ತುಂಡನ್ನಿಟ್ಟು, ಬಂದ ಉದ್ದವನ್ನು ಅಂದೇ ಅಳೆಯಿರಿ. 3 ಮೀಟರ್ ಕೊರೆದು 2.4 ಮೀಟರ್ ಮಾತ್ರ ಬಂದಿದ್ದರೆ ದೊರೆತದ್ದು ನೂರಕ್ಕೆ 80 ಪಾಲು. ನುರಿದ ವಲಯದಲ್ಲೇ ಕೋರ್ ಹೆಚ್ಚು ನಷ್ಟವಾಗುತ್ತದೆ, ಚಿನ್ನ ಇರುವುದೂ ಬಹಳ ಸಲ ಅಲ್ಲಿಯೇ. ಆದ್ದರಿಂದ ಅಲ್ಲಿಗೆ ಬಂದಾಗ ಆಪರೇಟರ್‌ಗೆ ಹೇಳಿ ವೇಗ ತಗ್ಗಿಸಿ, ಒಂದೊಂದು ಎಳೆತದ ಉದ್ದವನ್ನೂ ಕಡಿಮೆ ಮಾಡಿಸಬೇಕು.

ವಿವರ ಬರೆದು ಫೋಟೋ ತೆಗೆದ ಮೇಲೆ ಕೋರನ್ನು ಉದ್ದಕ್ಕೆ ಸೀಳಿ, ಯಾವಾಗಲೂ ಒಂದೇ ಬದಿಯ ಅರ್ಧವನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಉಳಿದರ್ಧವನ್ನು ಪೆಟ್ಟಿಗೆಯಲ್ಲೇ ಉಳಿಸಿಕೊಳ್ಳಿ. ಚಿನ್ನ ಕಾಣುವ ಅರ್ಧವನ್ನೇ ಆರಿಸಿ ಕಳುಹಿಸಿದರೆ ಇಡೀ ಲೆಕ್ಕ ಕೆಡುತ್ತದೆ. ನಮ್ಮ ಅಳತೆ ಟನ್ನಿಗೆ ಒಂದೆರಡು ಗ್ರಾಮಿನದು. ಆದ್ದರಿಂದ ಮಾದರಿ ಮುಟ್ಟುವವರೆಲ್ಲ ಉಂಗುರ, ಬಳೆಗಳನ್ನು ತೆಗೆದಿಡುವುದು ಕಡ್ಡಾಯ. ಚಿನ್ನವಿಲ್ಲವೆಂದು ಖಚಿತವಾದ ಕಲ್ಲು, ಪ್ರಮಾಣ ಗೊತ್ತಿರುವ ಪುಡಿ, ಒಂದೇ ಮಾದರಿಯ ಎರಡು ಪಾಲು, ಇವನ್ನು ಗುರುತು ಸಿಗದಂತೆ ನಡುನಡುವೆ ಸೇರಿಸಿದರೆ ಪ್ರಯೋಗಾಲಯದ ಫಲಿತಾಂಶವನ್ನು ಎಷ್ಟು ನಂಬಬಹುದೆಂದು ತಿಳಿಯುತ್ತದೆ. ಚಿನ್ನದ ಕಣಗಳು ದಪ್ಪವಾಗಿದ್ದರೆ ಒಂದೇ ಮಾದರಿಯ ಎರಡು ಪಾಲುಗಳೂ ಬೇರೆ ಬೇರೆ ಅಂಕಿ ಕೊಡುತ್ತವೆ. ಅಂತಹ ಕಡೆ ಒಂದು ದೊಡ್ಡ ಅಂಕಿಯ ಮೇಲೆ ಮುಂದಿನ ಕೊಳವೆಗಳನ್ನು ಯೋಜಿಸಬೇಡಿ.

ಕೆಲಸ ಮುಗಿದ ದಿನವೇ ಕೊಳವೆಯ ಬಾಯಿಯನ್ನು ಭದ್ರವಾಗಿ ಮುಚ್ಚಿ, ಅದರ ಸಂಖ್ಯೆಯನ್ನು ಸಿಮೆಂಟಿನಲ್ಲಿ ಕೊರೆದು, ಕೊರೆಯುವಾಗ ಬಂದ ಕೆಸರಿನ ಗುಂಡಿಯನ್ನು ಮಣ್ಣಿನಿಂದ ತುಂಬಿ, ರಾಗಿ ಹೊಲವನ್ನು ಉಳಲು ಬರುವಂತೆ ಮಾಡಿ ಒಡೆಯರಿಗೆ ತೋರಿಸಿ.