ಮಳೆಗಾಲದ ಗೊಬ್ಬರಕ್ಕೆ ಬೇಸಿಗೆಯ ತರಗೆಲೆ

ಕೊಡಗಿನಲ್ಲಿ ತರಕಾರಿ ಸಿಪ್ಪೆಯನ್ನು ಗೊಬ್ಬರ ಮಾಡುವ ಕೆಲಸ ಶುರುವಾಗಬೇಕಾದದ್ದು ಫೆಬ್ರವರಿಯಲ್ಲಿ, ತರಗೆಲೆ ಗುಡಿಸುವುದರಿಂದ. ಜೂನ್ ಹಿಡಿದ ಮೇಲೆ ಒಣ ಎಲೆ ಎಲ್ಲಿಂದ ತರುತ್ತೀರಿ? ನಾಲ್ಕು ಜನರ ಮನೆಗೆ ನಾನು ಆರು ಚೀಲ ತುಂಬಿ ಸೌದೆ ಕೊಟ್ಟಿಗೆಯಲ್ಲಿ ಎತ್ತಿಡುತ್ತೇನೆ. ಸಿಲ್ವರ್ ಓಕ್ ಎಲೆ ಒರಟು, ಬೇಗ ಕರಗದು. ಚೀಲದಲ್ಲೇ ತುಳಿದು ಪುಡಿ ಮಾಡಬೇಕು. ಕಾಫಿ ಮಿಲ್ಲಿನ ಒಣ ಹೊಟ್ಟು ಸಿಕ್ಕರೆ ಜೊತೆಗೆ ಬೆರೆಸಿ, ಒಳಗೆ ಗಾಳಿಯಾಡುತ್ತದೆ.

50 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು ಬೇಸಿಗೆಗೆ ಮೂರು ಸಾಕು, ಮಳೆಗಾಲಕ್ಕೆ ನಾಲ್ಕನೆಯದು ಬೇಕೇ ಬೇಕು. ಸುತ್ತಲೂ ಅರ್ಧ ಅಡಿಗೊಂದು ಸಾಲು 10 ಮಿ.ಮೀ. ತೂತು, ತಳಕ್ಕೆ ಎಂಟು. ಇಟ್ಟಿಗೆಯ ಮೇಲೆ, ಎರಚಲು ತಾಗದಷ್ಟು ಒಳಗೆ ಇಡಿ. ತಳಕ್ಕೆ ನಾಲ್ಕಿಂಚು ಒಣ ಕಡ್ಡಿ, ಅದರ ಮೇಲೆ ಒಂದು ಬೊಗಸೆ ಹಳೆಯ ಗೊಬ್ಬರ, ಇಲ್ಲದಿದ್ದರೆ ಸಗಣಿ.

ದಿನವೂ ಒಂದು ಪಾತ್ರೆ ಸಿಪ್ಪೆಗೆ ಅದೇ ಪಾತ್ರೆಯಲ್ಲಿ ಎರಡು ಪಾತ್ರೆ ಎಲೆ. ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಮೂರು. ಸಿಪ್ಪೆ ಕಾಣದಂತೆ ಮುಚ್ಚಿದರೆ ಗುಂಗಾಡು ಬರದು. ಹಲಸಿನ ರಚ್ಚೆಯನ್ನು (ತೊಳೆ ತೆಗೆದ ಮೇಲೆ ಉಳಿಯುವ ಸಿಪ್ಪೆ, ನಾರು) ಬೆರಳುದ್ದ ಕೊಚ್ಚಿ ಒಂದು ದಿನ ಬಾಡಿಸಿ ಹಾಕಿ. ಹಸಿಯದು ಅಂಟಿನ ಮುದ್ದೆಯಾಗುತ್ತದೆ. ಕಣಿಲೆಯ (ಎಳೆ ಬಿದಿರಿನ) ಸಿಪ್ಪೆ ಬೇಡ, ನಾರು ಹಾಗೇ ಉಳಿಯುತ್ತದೆ. ಪಂದಿಕರಿಯ (ಹಂದಿ ಮಾಂಸದ ಸಾರಿನ) ಮೂಳೆ ಬಿದ್ದರೆ ಇಲಿ, ನಾಯಿ ಎರಡೂ ಹಾಜರು.

ವಾರಕ್ಕೊಮ್ಮೆ ಬುಡದವರೆಗೆ ಕೋಲಾಡಿಸಿ, ಒಂದು ಹಿಡಿ ತೆಗೆದು ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ. ನೀರು ಧಾರೆಯಾಗಿ ಇಳಿದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ, ಗಾಳಿ ಸತ್ತಿದೆ ಎಂದರ್ಥ: ಎಲ್ಲವನ್ನೂ ಗೋಣಿಯ ಮೇಲೆ ಸುರಿದು, ಅರ್ಧ ಚೀಲ ಎಲೆ ಬೆರೆಸಿ ಮತ್ತೆ ತುಂಬಿ. ವಾಸನೆಗೆಂದು ಒಲೆಯ ಬೂದಿ ಸುರಿಯುವವರಿದ್ದಾರೆ. ಅದು ಕ್ಷಾರ; ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಮೂಗಿಗೆ ಇನ್ನೊಂದು ಘಾಟು. ಬಿಳಿ ಬೂಷ್ಟಿಗೆ ಹೆದರಬೇಡಿ, ಅದು ಕೆಲಸ ಮಾಡುತ್ತಿರುವ ಶಿಲೀಂಧ್ರ.

ಐದಾರು ವಾರಕ್ಕೆ ತುಂಬಿದ ಡ್ರಮ್ಮನ್ನು ಬೇಸಿಗೆಯಲ್ಲಿ ಎರಡು ತಿಂಗಳು, ಮಳೆಗಾಲದಲ್ಲಿ ಮೂರು ತಿಂಗಳು ಬಿಡುತ್ತೇನೆ. ಡ್ರಮ್ಮು ಸಣ್ಣದಾದ್ದರಿಂದ ದೊಡ್ಡ ರಾಶಿಯಷ್ಟು ಕಾವೇರದು. ಸೌತೆ, ಕುಂಬಳದ ಬೀಜ ಸಾಯದೆ ಕುಂಡದಲ್ಲಿ ಮೊಳೆಯುತ್ತವೆ, ಕಿತ್ತರಾಯಿತು. ಜರಡಿ ಹಿಡಿದ ಮೇಲೆ ಒಂದು ತಟ್ಟೆ ಗೊಬ್ಬರಕ್ಕೆ ಹತ್ತು ಸಾಸಿವೆ ಉದುರಿಸಿ ನೀರು ಚಿಮುಕಿಸಿ. ಐದು ದಿನದಲ್ಲಿ ಎಂಟಾದರೂ ನೆಟ್ಟಗೆ ಎದ್ದರೆ ಒಂದು ಪಾಲು ಗೊಬ್ಬರಕ್ಕೆ ಮೂರು ಪಾಲು ಮಣ್ಣು ಸೇರಿಸಿ ಬಳಸಿ. ಮೊಳಕೆ ಹಳದಿಯಾಗಿ ಮುರುಟಿದರೆ ಮತ್ತೆ ಮೂರು ವಾರ ಡ್ರಮ್ಮಿಗೆ.